ಕೆಟ್ಟರೂ ಕೊಲ್ಲದ ಪೆಟ್ಟಿಗೆ

ಜೌಲ್ ಎಂಬ ಹೆಸರನ್ನು ಕೇಳದ ಹೈಸ್ಕೂಲು ವಿದ್ಯಾರ್ಥಿ ಇರಲಾರ. ತಂತಿಯಲ್ಲಿ ಹುಟ್ಟುವ ಶಾಖವು ಅದರಲ್ಲಿ ಹರಿಯುವ ವಿದ್ಯುತ್ ಪ್ರವಾಹದ ವರ್ಗಕ್ಕೆ ಅನುಪಾತದಲ್ಲಿರುತ್ತದೆ ಎಂಬ ಅವನ ನಿಯಮವನ್ನು ಪರೀಕ್ಷೆಯ ಹಿಂದಿನ ರಾತ್ರಿ ಉರುಹೊಡೆಯದವರೂ ವಿರಳ. ಆದರೆ ಈ ನಿಯಮವನ್ನು 1841ರಲ್ಲಿ ಪ್ರಕಟಿಸಿದ ಜೇಮ್ಸ್ ಪ್ರೆಸ್ಕಾಟ್ ಜೌಲ್ ಯಾವ ವಿಶ್ವವಿದ್ಯಾಲಯದಲ್ಲೂ ಪ್ರಾಧ್ಯಾಪಕನಾಗಿರಲಿಲ್ಲ. ಇಂಗ್ಲೆಂಡಿನ ಸಾಲ್ಫರ್ಡ್ ಎಂಬಲ್ಲಿ ಬಿಯರ್ ತಯಾರಿಸುತ್ತಿದ್ದ ಮನೆತನದ ಹುಡುಗ ಅವನು. ಬಿಯರ್ ಮಾಡುವವನಿಗೆ ತಾಪವೇ ಸರ್ವಸ್ವ. ನಾಲ್ಕೈದು ಡಿಗ್ರಿ ಹೆಚ್ಚುಕಡಿಮೆಯಾದರೆ ಇಡೀ ಪೀಪಾಯಿಯ ರುಚಿಯೇ ಬೇರೆ. ಆ ಕಸುಬಿನ ನಡುವೆ ಬೆಳೆದದ್ದರಿಂದಲೇ ತಾಪಮಾಪಕವನ್ನು ಅಷ್ಟು ಸೂಕ್ಷ್ಮವಾಗಿ ಓದುವುದು ಅವನಿಗೆ ಸಾಧ್ಯವಾಯಿತು ಎನ್ನುವ ವಿಜ್ಞಾನ ಇತಿಹಾಸಕಾರರಿದ್ದಾರೆ.

ಅಮೆರಿಕದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಚೆಗೆ ಒಂದು ವಿದ್ಯುನ್ಮಂಡಲದ ನಕ್ಷೆ ಕಳಿಸಿ, ‘ಸಾರ್, ಇದನ್ನೊಮ್ಮೆ ನೋಡಿ’ ಎಂದು ಬರೆದಾಗ ನನಗೆ ಈ ಜೌಲ್ ನೆನಪಾದ. ಅವನ ನೆರೆಮನೆಯವನು ಕಾರ್ ಷೆಡ್ಡಿನಲ್ಲಿ ಬಿಯರ್ ಕುದಿಸಲು ಕಟ್ಟಹೊರಟಿದ್ದ ನಿಯಂತ್ರಣ ಪೆಟ್ಟಿಗೆಯ ನಕ್ಷೆ ಅದು. ಬಿಯರಿನಲ್ಲಿ ನನಗೆ ಆಸಕ್ತಿಯಿಲ್ಲ. ಆದರೆ ಆ ಪೆಟ್ಟಿಗೆಯಲ್ಲಿ ಹತ್ತನೆಯ ತರಗತಿಯ ವಿದ್ಯುತ್ ಪಾಠವೂ ಪಿಯುಸಿಯ ಉಷ್ಣದ ಪಾಠವೂ ಒಟ್ಟೊಟ್ಟಿಗೆ ಕೂತಿದ್ದವು. ಅದಕ್ಕಿಂತ ಹೆಚ್ಚಾಗಿ, ನೀರು ಮತ್ತು ವಿದ್ಯುತ್ತನ್ನು ಒಂದೇ ಪಾತ್ರೆಯಲ್ಲಿ ಇಡುವವನು ಹೇಗೆ ಯೋಚಿಸಬೇಕು ಎಂಬ ಪಾಠವಿತ್ತು. ಬಕೆಟ್ಟಿಗೆ ಇಮ್ಮರ್ಷನ್ ರಾಡ್ ಇಳಿಬಿಟ್ಟು ನೀರು ಕಾಯಿಸುವ ನಮ್ಮ ಮನೆಗಳಿಗೂ ಈ ಪಾಠ ಹೊರತಲ್ಲ.

ಮೊದಲಿಗೆ ಕಾನೂನಿನ ಮಾತು, ಪಾಲಕರ ಸಮಾಧಾನಕ್ಕಾಗಿ. ಕರ್ನಾಟಕದಲ್ಲಿ ಪರವಾನಗಿಯಿಲ್ಲದೆ ಮನೆಯಲ್ಲಿ ಬಿಯರ್ ತಯಾರಿಸುವುದು 1965ರ ಅಬಕಾರಿ ಕಾಯ್ದೆಯ ಪ್ರಕಾರ ಅಪರಾಧ. ಅಮೆರಿಕದಲ್ಲೂ ಬಹುಕಾಲ ಹಾಗೆಯೇ ಇತ್ತು. 1978ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಮಾಡಿದ ಕಾನೂನಿನಿಂದಾಗಿ ಇಬ್ಬರು ವಯಸ್ಕರಿರುವ ಮನೆಗೆ ವರ್ಷಕ್ಕೆ 200 ಗ್ಯಾಲನ್, ಎಂದರೆ ಸುಮಾರು 757 ಲೀಟರ್, ಸ್ವಂತ ಬಳಕೆಗಾಗಿ ತೆರಿಗೆಯಿಲ್ಲದೆ ತಯಾರಿಸುವ ಅವಕಾಶ ಸಿಕ್ಕಿತು. ಮಾರುವಂತಿಲ್ಲ. ಅಲಬಾಮ ಮತ್ತು ಮಿಸಿಸಿಪಿ ರಾಜ್ಯಗಳಂತೂ ಇದನ್ನು ಒಪ್ಪಿದ್ದು 2013ರಲ್ಲಿ. ಹೀಗಾಗಿ ನಮ್ಮಲ್ಲಿ ಹಪ್ಪಳ-ಸಂಡಿಗೆ ಮಾಡುವಷ್ಟು ಸಹಜವಾಗಿ ಅಲ್ಲಿ ಕೆಲವರು ವಾರಾಂತ್ಯದಲ್ಲಿ ಬಿಯರ್ ಕುದಿಸುತ್ತಾರೆ.

ಕೆಲಸದ ಕ್ರಮ ಸರಳ. ನಾವು ರಾಗಿಯನ್ನು ಮೊಳಕೆ ಕಟ್ಟಿ ಒಣಗಿಸಿ ಮಾಲ್ಟ್ ಮಾಡುವುದಿಲ್ಲವೆ, ಹಾಗೆಯೇ ಬಾರ್ಲಿಯ ಮಾಲ್ಟ್ ಇರುತ್ತದೆ. ಅದರ ನುಚ್ಚನ್ನು ಬಿಸಿನೀರಿನಲ್ಲಿ ಸುಮಾರು ಒಂದು ಗಂಟೆ ನೆನೆಯಲು ಬಿಟ್ಟರೆ, ಮೊಳಕೆಯೊಡೆದಾಗ ಹುಟ್ಟಿದ ಅಮೈಲೇಸ್ ಕಿಣ್ವಗಳು ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತವೆ. ಇಲ್ಲಿಯೇ ತಾಪದ ಆಟ. 63 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿ ಯೀಸ್ಟ್ ಸುಲಭವಾಗಿ ಬಳಸಬಲ್ಲ ಸಕ್ಕರೆ ಹೆಚ್ಚು. 69ರ ಹತ್ತಿರ ಯೀಸ್ಟಿಗೆ ದಕ್ಕದ ಉದ್ದ ಸರಪಳಿಯ ಅಣುಗಳು ಹೆಚ್ಚು ಉಳಿಯುತ್ತವೆ, ದ್ರವ ಮಂದವಾಗುತ್ತದೆ. 77 ದಾಟಿದರೆ ಕಿಣ್ವಗಳೇ ಕೆಡುತ್ತವೆ. ನಂತರ ಸಿಹಿ ದ್ರವವನ್ನು ಬಸಿದು, ಹಾಪ್ಸ್ ಎಂಬ ಕಹಿ ಹೂ ಸೇರಿಸಿ, ಒಂದು ಗಂಟೆಗೂ ಮಿಕ್ಕಿ ಕುದಿಸಿ, ಆರಿಸಿ, ಯೀಸ್ಟ್ ಹಾಕುತ್ತಾರೆ. ಮುಂದಿನದು ಯೀಸ್ಟಿನ ಕೆಲಸ. ಅದಕ್ಕೂ ನಮ್ಮ ಪೆಟ್ಟಿಗೆಗೂ ಸಂಬಂಧವಿಲ್ಲ.

ಥರ್ಮಾಮೀಟರು ಬಳಕೆಗೆ ಬರುವ ಮುನ್ನ, ಕುದಿದ ನೀರಿನ ಹಬೆ ತಿಳಿಯಾಗಿ ನೀರಿನಲ್ಲಿ ತನ್ನ ಮುಖ ಕಾಣುವ ಹೊತ್ತಿಗೆ ಅದು ಹದಕ್ಕೆ ಬಂತೆಂದು ಯೂರೋಪಿನ ಬಿಯರಿನವರು ತಿಳಿಯುತ್ತಿದ್ದರಂತೆ. ಇಂದು ಆ ಕೆಲಸವನ್ನು ಪ್ಲಾಟಿನಮ್ ತಂತಿ ಮಾಡುತ್ತದೆ.

ಎಷ್ಟು ಶಕ್ತಿ ಬೇಕು?

ಲೆಕ್ಕ ಹಾಕೋಣ. 40 ಲೀಟರ್ ನೀರನ್ನು 20 ಡಿಗ್ರಿಯಿಂದ 70 ಡಿಗ್ರಿಗೆ ಏರಿಸಬೇಕು. ಒಂದು ಕಿಲೋಗ್ರಾಂ ನೀರಿಗೆ ಡಿಗ್ರಿಗೆ 4.186 ಕಿಲೋಜೌಲ್. 40 x 50 x 4.186 = 8,372 ಕಿಲೋಜೌಲ್. ಅಲ್ಲಿನವರು ಹೆಚ್ಚಾಗಿ ಬಳಸುವುದು 5,500 ವ್ಯಾಟಿನ ಹೀಟರ್ ಸುರುಳಿ. ಎಂದರೆ ಸೆಕೆಂಡಿಗೆ 5.5 ಕಿಲೋಜೌಲ್. ಭಾಗಿಸಿದರೆ 1,522 ಸೆಕೆಂಡು, ಸುಮಾರು 25 ನಿಮಿಷ. ಪಾತ್ರೆಯಿಂದ ಗಾಳಿಗೆ ಸೋರುವ ಶಾಖಕ್ಕೆ ಇನ್ನೊಂದೆರಡು ನಿಮಿಷ ಸೇರಿಸಿ.

5,500 ಎಂಬ ವಿಚಿತ್ರ ಸಂಖ್ಯೆಯೇ ಏಕೆ? ಅಮೆರಿಕದ ಮನೆಗೆ 120 ವೋಲ್ಟಿನ ಎರಡು ಫೇಸ್ ತಂತಿಗಳು, ಒಂದು ನ್ಯೂಟ್ರಲ್ ಬರುತ್ತವೆ. ಎರಡು ಫೇಸ್‌ಗಳು ಒಂದಕ್ಕೊಂದು ವಿರುದ್ಧ ದಿಕ್ಕಿನಲ್ಲಿ ತೂಗುವುದರಿಂದ ಅವುಗಳ ನಡುವೆ 240 ವೋಲ್ಟ್. ದೀಪ, ಟಿ.ವಿ.ಗಳಿಗೆ 120, ಬಟ್ಟೆ ಒಣಗಿಸುವ ಯಂತ್ರದಂಥ ದೊಡ್ಡ ಹೊರೆಗೆ 240 ವೋಲ್ಟಿನ, 30 ಆಂಪಿಯರಿನ ಪ್ರತ್ಯೇಕ ಸಾಲು. ಗಂಟೆಗಟ್ಟಲೆ ಉರಿಯುವ ಹೊರೆಯಾದರೆ ಸಾಲಿನ ಸಾಮರ್ಥ್ಯದ ಶೇಕಡ 80ನ್ನು ಮೀರಬಾರದೆಂದು ಅಲ್ಲಿನ ನಿಯಮ. 30ರಲ್ಲಿ 24 ಆಂಪಿಯರ್. 5,500ನ್ನು 240ರಿಂದ ಭಾಗಿಸಿ ನೋಡಿ: 22.9. ಸಾಲಿಗೆ ಸರಿಯಾಗಿ ಕೂತಿತು.

ಈಗ ಪ್ರಶ್ನೆ. ಸುರುಳಿಯನ್ನು ಪಾತ್ರೆಯೊಳಗಿಟ್ಟು, ಒಂದು ಗಟ್ಟಿ ಸ್ವಿಚ್ಚು ಹಾಕಿದರೆ ನೀರು ಕಾಯುವುದಿಲ್ಲವೆ? ಧಾರಾಳವಾಗಿ ಕಾಯುತ್ತದೆ. ಹಾಗಾದರೆ ನಕ್ಷೆಯಲ್ಲಿ ಕಂಡ ಉಳಿದ ಮೂವತ್ತು ನಲವತ್ತು ಭಾಗಗಳು ಏಕೆ? ‘ಇದು ಕೆಟ್ಟರೆ ಏನಾಗುತ್ತದೆ?’ ಎಂದು ಒಂದೊಂದು ಭಾಗವನ್ನೂ ಕೇಳುತ್ತಾ ಹೋದಂತೆ ಸಿಕ್ಕ ಉತ್ತರಗಳೇ ಆ ಭಾಗಗಳು.

ತಾಪ ಅಳೆಯುವ ಕಡ್ಡಿಯಿಂದ ತೊಡಗೋಣ. ಇದರ ಒಳಗಿನ ಪ್ಲಾಟಿನಮ್ ತಂತಿಯ ರೋಧ 0 ಡಿಗ್ರಿಯಲ್ಲಿ 100 ಓಮ್, 100 ಡಿಗ್ರಿಯಲ್ಲಿ 138.5 ಓಮ್. ಡಿಗ್ರಿಗೆ ಸರಾಸರಿ 0.385 ಓಮ್ ಮಾತ್ರ ಏರಿಕೆ. ಕಡ್ಡಿಯಿಂದ ಪೆಟ್ಟಿಗೆಗೆ ಎಳೆದ ತಂತಿಯ ರೋಧವೇ ಅರ್ಧ ಓಮ್ ಇದ್ದರೆ ಓದಿಕೆ 1.3 ಡಿಗ್ರಿ ತಪ್ಪಾಗುತ್ತದೆ. ಆದ್ದರಿಂದ ಎರಡರ ಬದಲು ಮೂರು ತಂತಿ ಎಳೆದು, ಮೂರನೆಯದರಿಂದ ತಂತಿಯದೇ ರೋಧವನ್ನು ಅಳೆದು ಕಳೆಯುತ್ತಾರೆ. ಇನ್ನು ಕೆಟ್ಟರೆ? ತಂತಿ ಕಡಿದುಹೋದರೆ ರೋಧ ಅನಂತ. ತಾಪ ಬಹಳ ಏರಿತೆಂದು ತಿಳಿದು ನಿಯಂತ್ರಕ ಹೀಟರನ್ನು ಆರಿಸುತ್ತದೆ. ಒಳ್ಳೆಯದೇ. ಆದರೆ ತಂತಿಗಳು ಒಂದಕ್ಕೊಂದು ತಗಲಿದರೆ ರೋಧ ಸೊನ್ನೆಗೆ ಇಳಿದು, ನೀರು ಹಿಮಗಡ್ಡೆಯಾಗಿದೆ ಎಂಬಂತೆ ಕಾಣುತ್ತದೆ. ಆಗ ಹೀಟರ್ ಪೂರ್ತಿ ಉರಿಯಬೇಕು! ಒಳ್ಳೆಯ ನಿಯಂತ್ರಕ ಇಂಥ ಅಸಂಭವ ಓದಿಕೆಯನ್ನು ಗುರುತಿಸಿ ನಿಲ್ಲುತ್ತದೆ. ಕಡ್ಡಿಯೇ ಪಾತ್ರೆಯಿಂದ ಜಾರಿ ನೆಲಕ್ಕೆ ಬಿದ್ದರೆ ಮಾತ್ರ ಅದು ಕೋಣೆಯ 25 ಡಿಗ್ರಿಯನ್ನು ಪ್ರಾಮಾಣಿಕವಾಗಿ ಹೇಳುತ್ತಿರುತ್ತದೆ. ಅದನ್ನು ಯಾವ ಜಾಣ ಯಂತ್ರವೂ ಪತ್ತೆ ಮಾಡದು. ಅದಕ್ಕೇ ಕಡ್ಡಿಯನ್ನು ಪಾತ್ರೆಯ ಗೋಡೆಗೆ ತಿರುಪು ಹಾಕಿ ಬಿಗಿಯುತ್ತಾರೆ.

ನಿಯಂತ್ರಕದ ಹೆಸರು ಪಿ.ಐ.ಡಿ. ಇದರ ಗಣಿತವನ್ನು 1922ರಲ್ಲಿ ಬರೆದವನು ರಷ್ಯದಿಂದ ಅಮೆರಿಕಕ್ಕೆ ಬಂದ ಎಂಜಿನಿಯರ್ ನಿಕೊಲಾಸ್ ಮಿನೊರ್ಸ್ಕಿ. ಹಡಗಿನ ಚುಕ್ಕಾಣಿ ಹಿಡಿದ ಅನುಭವಿ ನಾವಿಕ ಹೇಗೆ ತಿರುಗಿಸುತ್ತಾನೆ ಎಂಬುದನ್ನು ಅವನು ಗಮನಿಸಿದ್ದ. ಹಡಗು ದಾರಿಯಿಂದ ಎಷ್ಟು ಸರಿದಿದೆ, ಎಷ್ಟು ಹೊತ್ತಿನಿಂದ ಸರಿದೇ ಇದೆ, ಎಷ್ಟು ವೇಗವಾಗಿ ಸರಿಯುತ್ತಿದೆ ಎಂಬ ಮೂರನ್ನೂ ನಾವಿಕ ಒಟ್ಟಿಗೆ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾನೆ. ನಾವಿಕ ನಮಗೆ ದೂರದವನು. ಒಲೆಯ ಮುಂದೆ ನಿಂತ ನಿಮ್ಮ ತಾಯಿಯನ್ನೇ ನೋಡಿ. ಹಾಲು ಉಕ್ಕಿದ ಮೇಲೆ ಉರಿ ತಗ್ಗಿಸುವುದಿಲ್ಲ. ಅಂಚಿನಲ್ಲಿ ನೊರೆ ಏರುವ ವೇಗ ನೋಡಿಯೇ ಕೈ ಗುಬ್ಬಿಗೆ ಹೋಗುತ್ತದೆ. ಮೂರನೆಯ ಅಂಶವಾದ ‘ಡಿ’ ಎಂದರೆ ಅದೇ. ಬರಿ ತೆರೆ-ಮುಚ್ಚು ಥರ್ಮೋಸ್ಟಾಟಿಗೆ ಈ ದೂರದೃಷ್ಟಿ ಇಲ್ಲ. 66 ಬಂದ ಮೇಲೆ ಆರಿಸಿದರೂ ಸುರುಳಿಯಲ್ಲಿ ಉಳಿದ ಬಿಸಿಯಿಂದ ನೀರು 68ಕ್ಕೆ ಹೋಗಿರುತ್ತದೆ.

ಆದರೆ ಇಷ್ಟು ಜಾಣನಾದ ಪಿ.ಐ.ಡಿ. ಕುದಿಸುವ ಪಾತ್ರೆಯ ಮುಂದೆ ಪೆದ್ದನಾಗುತ್ತಾನೆ. ಏಕೆಂದು ವಿದ್ಯಾರ್ಥಿಗಳು ಒಂದು ಕ್ಷಣ ಯೋಚಿಸಿ, ಮುಂದೆ ಓದಿ. ನೀರು ಕುದಿಯತೊಡಗಿದ ಮೇಲೆ 2,000 ವ್ಯಾಟ್ ಕೊಟ್ಟರೂ 5,500 ವ್ಯಾಟ್ ಕೊಟ್ಟರೂ ತಾಪ ಒಂದೇ. ಹೆಚ್ಚಿನ ಶಕ್ತಿಯೆಲ್ಲ ಗುಪ್ತೋಷ್ಣವಾಗಿ ಹಬೆಯ ಜೊತೆ ಹೋಗುತ್ತದೆ. 5,500 ವ್ಯಾಟನ್ನು ಪೂರ್ತಿ ಕೊಟ್ಟರೆ ಗಂಟೆಗೆ ಸುಮಾರು 8.8 ಕಿಲೋಗ್ರಾಂ ನೀರು ಆವಿ! ತಾಪ ಬದಲಾಗದಿರುವಾಗ ತಾಪ ನೋಡಿ ಕುದಿತವನ್ನು ಹಿಡಿಯುವುದೆಂತು? ಜೊತೆಗೆ ಕುದಿಬಿಂದು ಊರಿನ ಎತ್ತರವನ್ನು ಅವಲಂಬಿಸಿದೆ. ಸಮುದ್ರಮಟ್ಟಕ್ಕಿಂತ 1,600 ಮೀಟರ್ ಮೇಲಿರುವ ಡೆನ್ವರ್ ನಗರದಲ್ಲಿ ನೀರು 95 ಡಿಗ್ರಿಯ ಹತ್ತಿರ ಕುದಿಯುತ್ತದೆ; ನಮ್ಮ ಬೆಂಗಳೂರಿನಲ್ಲಿ 97ರ ಹತ್ತಿರ. ಡೆನ್ವರಿನಲ್ಲಿ ಯಾರಾದರೂ ಯಂತ್ರಕ್ಕೆ ‘100 ಡಿಗ್ರಿ’ ಎಂದು ಹೇಳಿದರೆ ಅದು ಎಂದೂ ಬಾರದ ಅತಿಥಿಗಾಗಿ ಪೂರ್ತಿ ಉರಿಯುತ್ತಲೇ ಇರುತ್ತದೆ. ಆದ್ದರಿಂದ ಕುದಿಸುವಾಗ ನಿಯಂತ್ರಕವನ್ನು ಕೈಚಾಲನೆಗೆ ಬದಲಿಸಿ, ಶೇಕಡ ಇಷ್ಟು ಎಂದು ಹೇಳುತ್ತಾರೆ. ಶೇಕಡ 60 ಎಂದರೆ ಪ್ರತಿ 2 ಸೆಕೆಂಡಿನಲ್ಲಿ 1.2 ಸೆಕೆಂಡು ವಿದ್ಯುತ್ತು, 0.8 ಸೆಕೆಂಡು ಬಿಡುವು.

ಹೀಗೆ ಸೆಕೆಂಡಿಗೊಮ್ಮೆ 23 ಆಂಪಿಯರನ್ನು ಹೊತ್ತಿಸಿ ಆರಿಸಲು ಸಾಮಾನ್ಯ ಸ್ವಿಚ್ಚಿನಿಂದ ಆಗದು. ಕಿಡಿ ಹಾರಿ ಸವೆದುಹೋಗುತ್ತದೆ. ಅದಕ್ಕೆ ಸಾಲಿಡ್ ಸ್ಟೇಟ್ ರಿಲೇ ಎಂಬ, ಅಲುಗಾಡುವ ಭಾಗವಿಲ್ಲದ ಅರೆವಾಹಕ ಸ್ವಿಚ್ಚು. ನಿಯಂತ್ರಕ ಕೆಲವೇ ಮಿಲಿಆಂಪಿಯರಿನ ಸಂಕೇತ ಕೊಡುತ್ತದೆ. ರಿಲೇ 23 ಆಂಪಿಯರನ್ನು ಹಾಯಿಸುತ್ತದೆ. ಹೇಳುವವನು ಒಬ್ಬ, ಹೊರುವವನು ಇನ್ನೊಬ್ಬ. ಆದರೆ ಹೊರುವಾಗ ರಿಲೇಯಲ್ಲಿ ಸುಮಾರು 1.3 ವೋಲ್ಟ್ ಕಳೆದುಹೋಗುತ್ತದೆ. 23ರಿಂದ ಗುಣಿಸಿದರೆ 30 ವ್ಯಾಟ್. ಮುಚ್ಚಿದ ಪೆಟ್ಟಿಗೆಯೊಳಗೆ ಒಂದು ಬೆಸುಗೆ ಕಡ್ಡಿಯನ್ನು ಸದಾ ಉರಿಯಲು ಬಿಟ್ಟಂತೆ. ಆದ್ದರಿಂದ ಅದರ ಬೆನ್ನಿಗೆ ಅಲ್ಯುಮಿನಿಯಮ್ ರೆಕ್ಕೆಗಳ ತಟ್ಟೆ ಕೂರಿಸಿ, ರೆಕ್ಕೆಗಳನ್ನು ಪೆಟ್ಟಿಗೆಯ ಹೊರಗೆ ಚಾಚುತ್ತಾರೆ.

ಇಲ್ಲಿಯೇ ಅಪಾಯವೂ ಕೂತಿದೆ. ಅರೆವಾಹಕ ಸ್ವಿಚ್ಚು ಸುಟ್ಟುಹೋದಾಗ ಸಾಮಾನ್ಯವಾಗಿ ತೆರೆದುಕೊಳ್ಳುವುದಿಲ್ಲ, ಬೆಸೆದುಕೊಳ್ಳುತ್ತದೆ. ಆಗ ನಿಯಂತ್ರಕ ‘ಆರಿಸು’ ಎಂದು ಎಷ್ಟು ಕೂಗಿದರೂ ಹೀಟರ್ ಉರಿಯುತ್ತಲೇ ಇರುತ್ತದೆ. ಇನ್ನೂ ಒಂದಿದೆ. ರಿಲೇ ಕೂರುವುದು ಎರಡು ಫೇಸ್ ತಂತಿಗಳಲ್ಲಿ ಒಂದರ ಮೇಲೆ ಮಾತ್ರ. ಅದು ಆರಿದ್ದಾಗಲೂ ಇನ್ನೊಂದು ಫೇಸ್ ಸುರುಳಿಯ ತನಕ ಬಂದು ನಿಂತಿರುತ್ತದೆ. ಹೀಟರ್ ತಣ್ಣಗಿದೆ, ದೀಪ ಆರಿದೆ, ಆದರೂ ಸುರುಳಿಯಿಂದ ಭೂಮಿಗೆ 120 ವೋಲ್ಟ್! ಪಾತ್ರೆ ತೊಳೆಯಲು ಕೈ ಹಾಕುವವನಿಗೆ ಇದು ಗೊತ್ತಾಗುವುದು ಹೇಗೆ?

ಉತ್ತರ, ಕಾಂಟ್ಯಾಕ್ಟರ್. ಹೊಲದ ಪಂಪ್‌ಸೆಟ್ಟಿನ ಸ್ಟಾರ್ಟರ್ ಪೆಟ್ಟಿಗೆಯಲ್ಲಿ ಹಸಿರು ಗುಂಡಿ ಒತ್ತಿದಾಗ ‘ಟಕ್’ ಎಂದು ಎಳೆದುಕೊಳ್ಳುತ್ತದಲ್ಲ, ಅದೇ. ಹೀಟರಿನ ಸ್ವಿಚ್ಚು ತಿರುಗಿಸಿದರೆ ಕಾಂಟ್ಯಾಕ್ಟರ್ ಬಿಟ್ಟುಕೊಂಡು ಎರಡೂ ಫೇಸ್‌ಗಳು ಕಡಿಯುತ್ತವೆ. ಕಣ್ಣಿಗೆ ಕಾಣುವ ಗಾಳಿಯ ಅಂತರ ಬೀಳುತ್ತದೆ. ರಿಲೇ ಬೆಸೆದುಕೊಂಡಿದ್ದರೂ ಚಿಂತೆಯಿಲ್ಲ. ಪಂಪ್‌ಸೆಟ್ಟಿನ ಇನ್ನೊಂದು ಗುಣವನ್ನೂ ಇಲ್ಲಿ ಬಳಸುತ್ತಾರೆ. ಕರೆಂಟು ಹೋಗಿ ಬಂದಾಗ ಅದು ತಾನಾಗಿ ಎಳೆದುಕೊಳ್ಳದು. ಮತ್ತೆ ಗುಂಡಿ ಒತ್ತಬೇಕು. ನೀರಿಲ್ಲದ ಪಾತ್ರೆಯಲ್ಲಿ ಸುರುಳಿ ಉರಿದರೆ ಕ್ಷಣಗಳಲ್ಲಿ ಕೆಂಪಾಗಿ ಸುಟ್ಟುಹೋಗುವುದರಿಂದ ಈ ಹಟ ಬೇಕು. (ರಾತ್ರಿ ಎದ್ದು ಹೋಗುವುದನ್ನು ತಪ್ಪಿಸಿಕೊಳ್ಳಲು ನಮ್ಮ ರೈತರು ಆಟೋ ಸ್ಟಾರ್ಟರ್ ಹಾಕಿ ಇದೇ ಹಟವನ್ನು ಮುರಿದದ್ದುಂಟು. ರಾತ್ರಿಪಾಳಿಯ ಕರೆಂಟು ಕೊಟ್ಟವರನ್ನು ಬಿಟ್ಟು ರೈತರನ್ನು ಬೈಯಲು ನನಗೆ ಮನಸ್ಸಿಲ್ಲ.)

ಮನುಷ್ಯ ಎಷ್ಟು ತಡೆಯಬಲ್ಲ?

ಇಷ್ಟಾದರೂ ಸುರುಳಿಯ ಹೊದಿಕೆ ಬಿರುಕು ಬಿಟ್ಟು ನೀರಿಗೇ ವಿದ್ಯುತ್ತು ಸೋರಿದರೆ? 30 ಆಂಪಿಯರಿನ ಎಂ.ಸಿ.ಬಿ. ನಮ್ಮನ್ನು ಕಾಯುತ್ತದೆಂದು ಹಲವರು ನಂಬಿದ್ದಾರೆ. ಅದು ಕಾಯುವುದು ತಂತಿಯನ್ನು, ಮನುಷ್ಯನನ್ನಲ್ಲ. ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಬರ್ಕಲಿಯಲ್ಲಿ ಪ್ರಾಧ್ಯಾಪಕನಾಗಿದ್ದ ಚಾರ್ಲ್ಸ್ ಡಾಲ್ಜೀಲ್, ಸ್ವಯಂಸೇವಕರ ಮೇಲೆ ಪ್ರಯೋಗ ನಡೆಸಿ, ವಿದ್ಯುತ್ ತಂತಿ ಹಿಡಿದವನು ಸ್ವಂತ ಶಕ್ತಿಯಿಂದ ಕೈ ಬಿಡಿಸಿಕೊಳ್ಳಬಲ್ಲ ಮಿತಿಯನ್ನು ಅಳೆದ. ಗಂಡಸರಿಗೆ ಸರಾಸರಿ 16 ಮಿಲಿಆಂಪಿಯರ್, ಹೆಂಗಸರಿಗೆ 10.5. ಅದಕ್ಕೂ ಮೇಲೆ ಹೋದರೆ ಸ್ನಾಯುಗಳು ಬಿಗಿದು ಕೈ ಅಂಟಿಕೊಳ್ಳುತ್ತದೆ. 30 ಆಂಪಿಯರ್ ಎಂದರೆ 30,000 ಮಿಲಿಆಂಪಿಯರ್ ಎಂಬುದನ್ನು ಮರೆಯಬೇಡಿ.

ಡಾಲ್ಜೀಲ್ 1961ರಲ್ಲಿ ರೂಪಿಸಿದ ಸಾಧನದ ತತ್ವ ಅಂಗಡಿಯವನ ದಿನಲೆಕ್ಕದಷ್ಟೇ ಸರಳ. ಹೋದ ಪ್ರವಾಹವೆಲ್ಲ ತಿರುಗಿ ಬಂತೇ? ಎಲ್ಲ ತಂತಿಗಳನ್ನೂ ಒಂದೇ ಬಳೆಯಾಕಾರದ ಕಬ್ಬಿಣದ ಗರ್ಭದ ಮೂಲಕ ತೂರಿಸಿದರೆ ಹೋಗುವ-ಬರುವ ಪ್ರವಾಹಗಳ ಕಾಂತಕ್ಷೇತ್ರಗಳು ಪರಸ್ಪರ ಅಳಿಸಿಹೋಗುತ್ತವೆ. ಕೆಲವೇ ಮಿಲಿಆಂಪಿಯರ್ ಯಾರದೋ ದೇಹದ ಮೂಲಕ ಭೂಮಿಗೆ ಸೋರಿದರೂ ಲೆಕ್ಕ ತಪ್ಪಿ, ಬಳೆಗೆ ಸುತ್ತಿದ ಸುರುಳಿಯಲ್ಲಿ ವಿದ್ಯುತ್ತು ಹುಟ್ಟಿ, ಸಾಲು ಕಡಿಯುತ್ತದೆ. ಅಮೆರಿಕದ ಸಾಧನ 4ರಿಂದ 6 ಮಿಲಿಆಂಪಿಯರಿಗೆ ಬೀಳುತ್ತದೆ. ನಮ್ಮ ಮನೆಗಳಲ್ಲಿ ಹಾಕುವ ಇದರ ತಮ್ಮ, ಆರ್.ಸಿ.ಸಿ.ಬಿ., ಸಾಮಾನ್ಯವಾಗಿ 30 ಮಿಲಿಆಂಪಿಯರಿನದು. ಕೈ ಅಂಟಿಕೊಳ್ಳುವ ಮಿತಿಗಿಂತ ಇದು ಮೇಲಿದ್ದರೂ, ಹೃದಯದ ಬಡಿತ ಕೆಡುವ ಮುನ್ನ ಕಡಿಯುವಷ್ಟು ಚುರುಕಾಗಿರುತ್ತದೆ. ಅಲ್ಲಿನ ನಿಯಮಾವಳಿ ಈಜುಕೊಳದ ನೀರೊಳಗಿನ ದೀಪಗಳಿಗೆ 1968ರಲ್ಲಿ, ಮನೆಯ ಬಚ್ಚಲಿಗೆ 1975ರಲ್ಲಿ ಇದನ್ನು ಕಡ್ಡಾಯ ಮಾಡಿತು. ಗೀಸರಿನ ಬಣ್ಣ ಆರಿಸಲು ಅರ್ಧ ದಿನ ಕಳೆಯುವ ನಾವು ಮೀಟರ್ ಬೋರ್ಡಿನಲ್ಲಿ ಇದು ಇದೆಯೇ ಎಂದು ನೋಡಲು ಒಂದು ನಿಮಿಷ ಕೊಡಬಹುದು.

ಇದಕ್ಕೂ ಒಂದು ಮಿತಿಯಿದೆ. ಒಬ್ಬ ಮನುಷ್ಯ ಎರಡು ಕೈಗಳಿಂದ ಎರಡು ಫೇಸ್‌ಗಳನ್ನು ಹಿಡಿದರೆ ಹೋದದ್ದೆಲ್ಲ ಬರುತ್ತದೆ, ಲೆಕ್ಕ ಸರಿಯಾಗಿಯೇ ಇರುತ್ತದೆ, ಸಾಧನ ಸುಮ್ಮನಿರುತ್ತದೆ. ಅರ್ತಿಂಗ್ ಕೂಡ ಬೇಕೇ ಬೇಕು. ಪಾತ್ರೆಯನ್ನೂ ಉಕ್ಕಿನ ಪೆಟ್ಟಿಗೆಯನ್ನೂ ಭೂಮಿಗೆ ಜೋಡಿಸಿದ್ದರೆ ಸೋರಿಕೆ ಶುರುವಾದ ಕ್ಷಣವೇ ಸಾಲು ಕಡಿಯುತ್ತದೆ. ಇಲ್ಲದಿದ್ದರೆ ಯಾರಾದರೂ ಮುಟ್ಟುವ ತನಕ ಅದು ಕಾದಿರುತ್ತದೆ.

ತುರ್ತು ನಿಲುಗಡೆಯ ಕೆಂಪು ಅಣಬೆ ಗುಂಡಿಯ ವಿಷಯದಲ್ಲಿ ಅಲ್ಲಿನ ಹವ್ಯಾಸಿಗಳಲ್ಲಿ ಎರಡು ಪಂಗಡ. ಒಂದು ಪಂಗಡದವರು ಗುಂಡಿ ಒತ್ತಿದಾಗ ಒಂದು ರೋಧಕದ ಮೂಲಕ ಬೇಕೆಂದೇ ಸ್ವಲ್ಪ ವಿದ್ಯುತ್ತನ್ನು ಭೂಮಿಗೆ ಸೋರಿಸಿ ಡಾಲ್ಜೀಲನ ಸಾಧನವನ್ನು ಬೀಳಿಸುತ್ತಾರೆ. ಜಾಣತನವೇನೋ ಹೌದು. ಆದರೆ ಆ ಸಾಧನವೇ ಕೆಟ್ಟಿದ್ದರೆ? ಅರ್ತಿಂಗ್ ಕಡಿದಿದ್ದರೆ? ಗುಂಡಿ ಒತ್ತಿದರೂ ಏನೂ ಆಗದು. ಇನ್ನೊಂದು ಪಂಗಡದವರು ಮುಖ್ಯ ಕಾಂಟ್ಯಾಕ್ಟರಿನ ಸುರುಳಿಗೆ ಹೋಗುವ ತಂತಿಯನ್ನು ಈ ಗುಂಡಿಯ ಮೂಲಕ ಹಾಯಿಸುತ್ತಾರೆ. ಒತ್ತಿದರೆ ತಂತಿ ಕಡಿಯುತ್ತದೆ, ಎಲ್ಲವೂ ಬಿಟ್ಟುಕೊಳ್ಳುತ್ತದೆ. ಗುಂಡಿಯ ತಂತಿಯೇ ಸಡಿಲವಾದರೂ ಅದೇ ಫಲ: ಪೆಟ್ಟಿಗೆ ನಿಲ್ಲುತ್ತದೆ. ನಾನು ಎರಡನೆಯ ಪಂಗಡದವನು. ನನ್ನ ವಿದ್ಯಾರ್ಥಿಗೂ ಹಾಗೆಯೇ ಬರೆದೆ.

ಆ ನಕ್ಷೆಯಲ್ಲಿ ನನಗೆ ಬಹಳ ಹಿಡಿಸಿದ್ದು ಮಾತ್ರ ಒಂದು ಅಗ್ಗದ ಸ್ವಿಚ್ಚು. ಪಾತ್ರೆಗಳು ಎರಡು, ಹೀಟರ್ ಎರಡು, ಒಟ್ಟು 46 ಆಂಪಿಯರ್, ಸಾಲು 30ರದು. ‘ಎರಡನ್ನೂ ಒಟ್ಟಿಗೆ ಹಾಕಬೇಡಿ’ ಎಂದು ಚೀಟಿ ಅಂಟಿಸಬಹುದಿತ್ತು. ಅದರ ಬದಲು ಮೂರು ನೆಲೆಯ ತಿರುಗು ಸ್ವಿಚ್ಚು: ಎಡಕ್ಕೆ ಬಿಸಿನೀರು, ನಡುವೆ ಯಾವುದೂ ಇಲ್ಲ, ಬಲಕ್ಕೆ ಕುದಿಪಾತ್ರೆ. ಒಂದು ಗುಬ್ಬಿ ಏಕಕಾಲಕ್ಕೆ ಎಡಕ್ಕೂ ಬಲಕ್ಕೂ ತಿರುಗಲಾರದು. ಜೊತೆಗೆ ಆ ಗುಬ್ಬಿ ನಡುವೆ ಇಲ್ಲದಿದ್ದರೆ ಇಡೀ ಪೆಟ್ಟಿಗೆ ಚಾಲೂ ಆಗುವುದೇ ಇಲ್ಲ. ಇದನ್ನು ವಿದ್ಯಾರ್ಥಿಗಳು ಎರಡು ಶುಷ್ಕಕೋಶ, ಎರಡು ಟಾರ್ಚ್ ಬಲ್ಬು, ಮೆಟ್ಟಿಲ ದೀಪಕ್ಕೆ ಹಾಕುವ ಒಂದು ಟೂ-ವೇ ಸ್ವಿಚ್ಚು ತಂದು ಮೇಜಿನ ಮೇಲೆ ಮಾಡಿನೋಡಬಹುದು. ಎರಡು ಬಲ್ಬೂ ಒಟ್ಟಿಗೆ ಹೊತ್ತಿಸಲು ಸಾಧ್ಯವೇ ಎಂದು ಪ್ರಯತ್ನಿಸಿ. ಮನೆಯ ವಿದ್ಯುತ್ತಿಗೆ ಮಾತ್ರ ಕೈ ಹಾಕಬೇಡಿ.

ಜೋಡಣೆಯಲ್ಲಿ ಕಡೆಗಣಿಸಬಾರದ ಭಾಗವೆಂದರೆ ತಿರುಪು. ಒಂದು ತಿರುಪು ಸಡಿಲವಿದ್ದು ಅಲ್ಲಿ ಬರಿ 0.1 ಓಮ್ ರೋಧ ಉಂಟಾಯಿತೆನ್ನಿ. ಜೌಲನ ನಿಯಮ ಹಾಕಿ: 23 x 23 x 0.1, ಸುಮಾರು 53 ವ್ಯಾಟ್, ಒಂದೇ ತಿರುಪಿನ ತಲೆಯಲ್ಲಿ! ನಮ್ಮ 2,000 ವ್ಯಾಟಿನ ಗೀಸರ್ ಎಳೆಯುವುದು 8.7 ಆಂಪಿಯರ್, ಅದೇ ಸಡಿಲದಲ್ಲಿ 7.6 ವ್ಯಾಟ್. ಪ್ರವಾಹ ಎರಡೂವರೆ ಪಟ್ಟಿಗಿಂತ ತುಸು ಹೆಚ್ಚಾದರೆ ಬಿಸಿ ಏಳು ಪಟ್ಟು. ಆದರೂ ಎಷ್ಟೋ ಮನೆಗಳಲ್ಲಿ ಗೀಸರ್ ಪ್ಲಗ್ಗು ಕಂದುಬಣ್ಣಕ್ಕೆ ತಿರುಗಿರುವುದು ಈ 7.6ರ ಕೆಲಸವೇ.

ಪೆಟ್ಟಿಗೆ ಸಿದ್ಧವಾದ ಮೇಲೆ ಮೊದಲ ಸಲ ಬರೀ ನೀರು ತುಂಬಿ, ಸೋರಿಕೆ ಸಾಧನದ ಪರೀಕ್ಷಾ ಗುಂಡಿ ಒತ್ತಿ ಅದು ಬೀಳುವುದನ್ನು ನೋಡಿ, ಮತ್ತೆ ಎತ್ತಿ, ಹೀಟರ್ ಹಾಕಿ, ಗಡಿಯಾರ ನೋಡುತ್ತಾ ಕೂರಬೇಕು. 40 ಲೀಟರ್ 70 ಡಿಗ್ರಿಗೆ ಬರಲು ಅರ್ಧ ಗಂಟೆಯೊಳಗೆ ಸಾಕು. ಒಂದೂಮುಕ್ಕಾಲು ಗಂಟೆ ದಾಟಿತೇ? ಎಂದರೆ ಶಕ್ತಿ ಕಾಲುಭಾಗಕ್ಕೆ ಇಳಿದಿದೆ. ರೋಧ ಬದಲಾಗದಿರುವಾಗ ಶಕ್ತಿ ವೋಲ್ಟೇಜಿನ ವರ್ಗಕ್ಕೆ ಅನುಪಾತ. ಕಾಲುಭಾಗ ಶಕ್ತಿ ಎಂದರೆ ಅರ್ಧ ವೋಲ್ಟೇಜು, 240ರ ಬದಲು 120. ಪೆಟ್ಟಿಗೆಯ ಮುಚ್ಚಳ ತೆರೆಯುವ ಮುನ್ನವೇ ಹೇಳಬಹುದು: ಸುರುಳಿಯ ಎರಡನೆಯ ತಂತಿ ಫೇಸಿಗೆ ಹೋಗುವ ಬದಲು ನ್ಯೂಟ್ರಲಿಗೆ ಹೋಗಿದೆ.